ಬೆಂಕಿ ಆರಿದ ಮೇಲೆ ಕಾರಣ ಬರೆಯುವವರು ಯಾರು? ಏನು ನೋಡಿ ಬರೆಯುತ್ತಾರೆ?

ಬದಿಯಡ್ಕದವ

ಫೈರ್‌ಫೋರ್ಸ್‌ನವರು ಕೊಡುವ ವರದಿಯಲ್ಲಿ ಬೆಂಕಿಯ ಕಾರಣ ಬರೆಯುವ ಜಾಗ ಒಂದು ಇರುತ್ತದೆ. ಅದನ್ನು ಯಾರು ತುಂಬುತ್ತಾರೆ, ಏನು ನೋಡಿ ತುಂಬುತ್ತಾರೆ? ಗೊತ್ತಿರುವವರು ಇದ್ದರೆ ದಯವಿಟ್ಟು ಹೇಳಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಈ ಬೇಸಿಗೆಯಲ್ಲಿ ನಮ್ಮ ದನದ ಹಟ್ಟಿಗೆ ತಾಗಿಕೊಂಡಿದ್ದ ಅಡಿಕೆ ಕೊಟ್ಟಿಗೆ ಸುಟ್ಟುಹೋಯಿತು. ನಡುರಾತ್ರಿ ಕಳೆದಿತ್ತು. ಒಂದು ಕರುವಿನ ಬೆನ್ನು ಸುಟ್ಟಿತು, ಪುಣ್ಯಕ್ಕೆ ಬದುಕಿದೆ. ಒಣಗಿದ ಅಡಿಕೆ, ಗೋಣಿ, ಪಂಪಿನ ಸ್ಟಾರ್ಟರ್, ಮಾಡಿನ ಪಕ್ಕಾಸಿನ ಮರ ಎಲ್ಲ ಹೋಯಿತು. ಫೈರ್‌ಫೋರ್ಸ್‌ನವರ ಮೇಲೆ ನನಗೆ ಯಾವ ದೂರೂ ಇಲ್ಲ. ದಾರಿ ಸಣ್ಣದು, ಗಾಡಿ ಗೇಟಿನಲ್ಲೇ ನಿಂತಿತು. ಅಲ್ಲಿಂದ ಹೋಸ್ ಎಳೆದುಕೊಂಡು ಓಡಿ ಬಂದರು, ಮತ್ತೆ ನಮ್ಮ ಕೆರೆಗೇ ಪಂಪ್ ಇಳಿಸಿದರು. ಮನೆ ಉಳಿದದ್ದು ಅವರಿಂದ.

ಆದರೆ ವರದಿಯಲ್ಲಿ ಕಾರಣ ಅಂತ ಇದ್ದದ್ದು ಒಂದೇ ಸಾಲು, ಶಾರ್ಟ್ ಸರ್ಕ್ಯೂಟ್ ಆಗಿರಬಹುದು ಎಂದು. ಮರುದಿನದ ಪೇಪರಿನಲ್ಲಿ ಆ ‘ಬಹುದು’ ಕೂಡ ಇರಲಿಲ್ಲ. ಈಗ ಇನ್ಶೂರೆನ್ಸ್ ಸರ್ವೇಯರ್ ಬಂದು, ಯಾವ ವಯರ್, ಎಲ್ಲಿ ಶಾರ್ಟ್ ಆದದ್ದು, ಫ್ಯೂಸ್ ಹೋಗಿತ್ತಾ ಎಂದು ಕೇಳುತ್ತಿದ್ದಾರೆ. ನಾನು ಏನು ಹೇಳಲಿ? ನನಗೆ ಕಾರಣ ನಿಜವಾಗಿ ಗೊತ್ತಾಗಬೇಕು. ಹೊಸ ಕೊಟ್ಟಿಗೆ ಕಟ್ಟುವುದೂ ಅದೇ ಜಾಗದಲ್ಲಿ.

ಹಳೇ ಫೈರ್‌ಮನ್

ಮೊದಲು ನಿಮ್ಮ ಕರು ಬೇಗ ಗುಣವಾಗಲಿ.

ನಾನು ಸರ್ವಿಸ್ ಮುಗಿಸಿ ಬಂದವನು. ಒಳಗಿನ ಕ್ರಮ ಹೇಳುತ್ತೇನೆ. 101ಕ್ಕೆ ಕಾಲ್ ಬಂದ ಸಮಯ, ಗಾಡಿ ಹೊರಟ ಸಮಯ, ತಲುಪಿದ ಸಮಯ, ಏನು ಸುಟ್ಟಿತು, ಏನು ಉಳಿಯಿತು, ಅಂದಾಜು ನಷ್ಟ, ಯಾರಿಗಾದರೂ ಪೆಟ್ಟಾಯಿತಾ, ಎಷ್ಟು ಹೊತ್ತು ಕೆಲಸ ಮಾಡಿದೆವು, ಇಷ್ಟೂ ವರದಿಯಲ್ಲಿ ಬರಬೇಕು. ಇದರಲ್ಲಿ ಹೆಚ್ಚಿನದನ್ನು ನಾವೇ ಕಣ್ಣಾರೆ ನೋಡಿರುತ್ತೇವೆ. ಕಾರಣ ಮಾತ್ರ ಹಾಗಲ್ಲ. ಅಲ್ಲಿ ಬರೆಯುವುದು ಸಂಭಾವ್ಯ ಕಾರಣ. ಆ ತಂಡದ ನಾಯಕ ಅಷ್ಟು ಹೊತ್ತಿನಲ್ಲಿ ಕಂಡದ್ದು, ಮನೆಯವರು ಹೇಳಿದ್ದು, ಇವೆರಡರಿಂದ ಬಂದ ಅಂದಾಜು ಅದು.

ಬೆಂಕಿ ಎಲ್ಲಿ ಹುಟ್ಟಿತು ಎಂದು ತಿಳಿಯದೆ ಯಾಕೆ ಹುಟ್ಟಿತು ಎಂದು ಹೇಳಲು ಆಗುವುದಿಲ್ಲ. ಹಾಗಾಗಿ ಸರಿಯಾಗಿ ನೋಡುವವನು ಹೊರಗಿನಿಂದ ಶುರು ಮಾಡುತ್ತಾನೆ. ಕಡಿಮೆ ಸುಟ್ಟ ಕಡೆಯಿಂದ ಜಾಸ್ತಿ ಸುಟ್ಟ ಕಡೆಗೆ ನಡೆಯುತ್ತಾನೆ. ಪಕ್ಕಾಸಿನ ಯಾವ ಮಗ್ಗುಲು ಜಾಸ್ತಿ ತಿಂದಿದೆ, ಕಂಬ ಬುಡದಲ್ಲಿ ಸುಟ್ಟಿದೆಯಾ ತಲೆಯಲ್ಲಿ ಸುಟ್ಟಿದೆಯಾ, ಮುರಕಲ್ಲಿನ ಗೋಡೆಯಲ್ಲಿ ಮಸಿಯ ಗುರುತು ಹೇಗಿದೆ ಎಂದು ನೋಡುತ್ತಾನೆ. ಬೆಂಕಿ ಮೇಲಕ್ಕೂ ಅಗಲಕ್ಕೂ ಹೋಗುವುದರಿಂದ ಗೋಡೆಯಲ್ಲಿ ಕೆಳಗೆ ಚೂಪಾಗಿ, ಮೇಲೆ ಅಗಲವಾಗಿ ಗುರುತು ಬೀಳುವುದುಂಟು. ಆ ಚೂಪಾದ ತುದಿ ಎಲ್ಲಿದೆಯೋ ಅಲ್ಲಿಂದ ಹುಡುಕಾಟ ಶುರು. ಬೆಂಕಿ ಇಡೀ ಕೋಣೆ ಹಿಡಿದಿದ್ದರೆ ಆ ಗುರುತನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ.

ಈಗ ಕಷ್ಟ ಏನು ಅಂದರೆ, ಬೆಂಕಿ ಪೂರ್ತಿ ಆರಿದೆ ಎಂದು ಖಾತ್ರಿ ಮಾಡಲು ನಾವೇ ಎಲ್ಲವನ್ನೂ ಕೆದಕಬೇಕು. ಅಡಿಕೆ ಗೋಣಿಯ ಒಳಗೆ ಕೆಂಡ ಉಳಿದರೆ ಬೆಳಗ್ಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಕೊಕ್ಕೆಯಲ್ಲಿ ಎಳೆದು, ಮಗುಚಿ, ನೀರು ಹೊಡೆಯಲೇಬೇಕು. ಅಷ್ಟರಲ್ಲಿ ಬೆಂಕಿ ಹುಟ್ಟಿದ ಜಾಗದ ಗುರುತು ಅರ್ಧ ಹೋಗಿರುತ್ತದೆ. ಮುಂದಿನ ಕಾಲ್ ಬಂತೆಂದರೆ ಹೊರಡಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಗುಡ್ಡದ ಮೇಲಿನ ಪದವಿನ ಮುಳಿಹುಲ್ಲಿಗೆ ಬೆಂಕಿ ಬೀಳುವ ಕಾಲ, ಆಗ ಸ್ಟೇಶನಿನಲ್ಲಿ ಗಾಡಿ ತಂಪಾಗುವುದೇ ಇಲ್ಲ.

ಒಂದು ಪ್ರಶ್ನೆ. ನೀವು ಜಾಗ ಕ್ಲೀನ್ ಮಾಡಿದ್ದೀರಾ? ಮಾಡಿರದಿದ್ದರೆ ಕೈ ಹಾಕಬೇಡಿ.

ಸ್ವಿಚ್‌ಬೋರ್ಡ್ ಅಣ್ಣ

ನಾನು ವಯರಿಂಗ್ ಕೆಲಸದವನು, ಲೈಸೆನ್ಸ್ ಇದೆ. ಶಾರ್ಟ್ ಸರ್ಕ್ಯೂಟ್ ಎಂದು ಬರೆದದ್ದನ್ನು ಕಂಡಾಗೆಲ್ಲ ನನಗೆ ಬೇಜಾರಾಗುತ್ತದೆ. ಅದರಲ್ಲಿ ನಾವು ಸರಿಪಡಿಸಬೇಕಾದದ್ದು ಏನೂ ಸಿಗುವುದಿಲ್ಲ.

ಸರಿಯಾದ ಎಂಸಿಬಿ, ಅಂದರೆ ಕರೆಂಟ್ ಮಿತಿಮೀರಿದರೆ ತಾನಾಗಿ ಬೀಳುವ ಸ್ವಿಚ್, ಇದ್ದರೆ, ಫೇಸ್ ಮತ್ತು ನ್ಯೂಟ್ರಲ್ ನೇರ ತಾಗಿದ ಕೂಡಲೇ ಅದು ಬೀಳುತ್ತದೆ. ಜಾಸ್ತಿ ಅಪಾಯ ಇರುವುದು ಲೂಸ್ ಕನೆಕ್ಷನ್‌ನಲ್ಲಿ. ಸ್ಕ್ರೂ ಸಡಿಲ ಇರುವ ಕಡೆ ತಾಮ್ರ ಕಪ್ಪಾಗುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ. ಕರೆಂಟ್ ಎಳೆಯುವುದು ಮಾಮೂಲಿನಷ್ಟೇ. ಹಾಗಾಗಿ ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಇಎಲ್‌ಸಿಬಿ ಎಂದು ನಾವು ಕರೆಯುವ ಆರ್‌ಸಿಸಿಬಿ ಕೂಡ ಅದಕ್ಕೆ ಬೀಳುವುದಿಲ್ಲ. ಅದು ನೋಡುವುದು ಭೂಮಿಗೆ ಸೋರುವ ಕರೆಂಟನ್ನು. ಇನ್ನೊಂದು ಓವರ್‌ಲೋಡ್. ನಮ್ಮ ಮನೆಗಳ ಮಾಮೂಲಿ ಪಿವಿಸಿ ವಯರ್ 70 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುವಂಥದ್ದು. ಮೋಟರಿಗೆ ಸಪೂರ ವಯರ್ ಹಾಕಿ, ಅದರ ಮೇಲೆ ಗೋಣಿ ಪೇರಿಸಿದರೆ ಬಿಸಿ ಹೋಗುವುದೆಲ್ಲಿಗೆ? ಮೂರನೆಯದು ನ್ಯೂಟ್ರಲ್ ಕಡಿಯುವುದು. ತ್ರೀ ಫೇಸ್ ಲೈನಿನ ನ್ಯೂಟ್ರಲ್ ಕಡಿದರೆ 230 ಬರಬೇಕಾದಲ್ಲಿ ಅದಕ್ಕಿಂತ ತುಂಬ ಮೇಲೆ ಹೋಗಬಹುದು. ಆಗ ಅಕ್ಕಪಕ್ಕದ ಮನೆಗಳಲ್ಲೂ ಬಲ್ಬ್, ಫ್ರಿಜ್ ಹೋಗಿರುತ್ತದೆ. ಆ ರಾತ್ರಿ ನೆರೆಮನೆಯಲ್ಲಿ ಏನಾದರೂ ಹಾಳಾಗಿತ್ತಾ ಎಂದು ಕೇಳಿ ನೋಡಿ.

ಇನ್ನೊಂದು ವಿಷಯ ಎಲ್ಲರೂ ಗಮನಿಸಬೇಕು. ಸುಟ್ಟ ವಯರಿನ ತುದಿಯಲ್ಲಿ ತಾಮ್ರ ಕರಗಿ ಸಣ್ಣ ಗುಂಡಿನ ಹಾಗೆ ಆಗಿರುತ್ತದೆ. ಅದನ್ನು ತೋರಿಸಿ, ಇಲ್ಲೇ ಶಾರ್ಟ್ ಆದದ್ದು ಎಂದು ಹೇಳುವವರಿದ್ದಾರೆ. ಬೇರೆ ಕಾರಣದಿಂದ ಹುಟ್ಟಿದ ಬೆಂಕಿ ವಯರಿನ ಸಿಪ್ಪೆ ಕರಗಿಸಿದಾಗ, ಒಳಗೆ ಕರೆಂಟ್ ಇದ್ದರೆ ಆ ತಂತಿಗಳು ತಾಗಿ ಅದೇ ಥರದ ಗುಂಡು ಆಗುತ್ತದೆ. ಬೆಂಕಿ ಅಲ್ಲಿಗೆ ಬಂದಾಗ ವಯರಿನಲ್ಲಿ ಕರೆಂಟ್ ಇತ್ತು ಎಂಬುದಕ್ಕೆ ಅದು ಸಾಕ್ಷಿ. ಬೆಂಕಿ ಅಲ್ಲಿಂದಲೇ ಹುಟ್ಟಿತು ಎನ್ನಲು ಅಷ್ಟು ಸಾಲದು.

ಕುಂಬಳೆ ವರದಿಗಾರ

ಪೇಪರಿನ ವಿಷಯ ಬಂದದ್ದರಿಂದ ಹೇಳಬೇಕು. ರಾತ್ರಿ ಬೆಂಕಿ ಬಿದ್ದರೆ ನಮಗೆ ಸುದ್ದಿ ಕಳಿಸಲು ಸಿಗುವ ಸಮಯ ಬಹಳ ಕಡಿಮೆ. ಸ್ಟೇಶನಿಗೆ ಫೋನ್ ಮಾಡಿ ಕಾರಣ ಏನು ಎಂದು ಕೇಳುತ್ತೇವೆ. ಗೊತ್ತಿಲ್ಲ, ನೋಡಬೇಕು ಎನ್ನುತ್ತಾರೆ. ಮತ್ತೆ ಕೇಳುತ್ತೇವೆ. ಶಾರ್ಟ್ ಸರ್ಕ್ಯೂಟ್ ಇರಬಹುದಾ ಎಂದು ನಾವೇ ಹೇಳಿದರೆ, ಇರಬಹುದು ಎನ್ನುತ್ತಾರೆ. ಮರುದಿನ ಅದು ಅಧಿಕಾರಿಗಳ ಮಾತಾಗಿ ಅಚ್ಚಾಗುತ್ತದೆ. ಒಂದು ತಿಂಗಳು ಬಿಟ್ಟು ಪೊಲೀಸರೋ ಲ್ಯಾಬಿನವರೋ ಬೇರೆ ಕಾರಣ ಹೇಳಿದರೆ ಅದು ಸುದ್ದಿಯಾಗುವುದು ಅಪರೂಪ. ಇದು ಬದಲಾಗಬೇಕು. ಕಾರಣ ತಿಳಿದಿಲ್ಲ ಎಂದು ಬರೆಯಲು ಯಾವ ಪತ್ರಿಕೆಗೂ ಅಡ್ಡಿ ಇಲ್ಲ.

ಪೆರ್ಲದ ಅಕ್ಕ

ನನ್ನ ತಂಗಿಯ ಮನೆಯಲ್ಲಿ ಅಡುಗೆಕೋಣೆ ಸುಟ್ಟಾಗ ಮೊದಲು ಗ್ಯಾಸ್ ಲೀಕ್ ಎಂದರು. ಅವಳು ಪಾಪ, ನಾನೇ ನಾಬ್ ಸರಿ ಮುಚ್ಚಲಿಲ್ಲವೇನೋ ಎಂದು ಎಷ್ಟು ದಿನ ಅತ್ತಳು. ಆಮೇಲೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು ನೋಡಿದಾಗ ಸ್ಟವ್ ನಾಬ್‌ಗಳೆಲ್ಲ ಮುಚ್ಚಿಯೇ ಇದ್ದವು, ರೆಗ್ಯುಲೇಟರಿನ ಹತ್ತಿರ ರಬ್ಬರ್ ಟ್ಯೂಬ್ ಬಿರುಕು ಬಿಟ್ಟಿತ್ತು. ಅಂದಾಜಿಗೆ ಬರೆದ ಕಾರಣ ಒಬ್ಬರ ತಲೆಯ ಮೇಲೆ ಹೋಗಿ ಕೂರುತ್ತದೆ. ಹೆಚ್ಚಾಗಿ ಮನೆಯ ಹೆಂಗಸರ ತಲೆಯ ಮೇಲೆ. ಅದನ್ನು ಅಧಿಕಾರಿಗಳು ನೆನಪಿಡಬೇಕು.

ಬದಿಯಡ್ಕದವರೇ, ಪೊಲೀಸ್ ಸ್ಟೇಶನಿನಲ್ಲಿ ಜಿಡಿ ಎಂಟ್ರಿ, ಅಂದರೆ ಅವರ ದಿನಚರಿ ಪುಸ್ತಕದಲ್ಲಿ ದಾಖಲೆ, ಮಾಡಿಸಿದ್ದೀರಾ? ಇನ್ಶೂರೆನ್ಸ್‌ನವರು ಅದನ್ನೂ ಕೇಳುತ್ತಾರೆ. ವಿಲೇಜ್ ಆಫೀಸಿಗೂ ಒಂದು ಅರ್ಜಿ ಕೊಡಿ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯೂ ಇದೆ.

ಬದಿಯಡ್ಕದವ

ಜಿಡಿ ಎಂಟ್ರಿ ಆಗಿದೆ ಅಕ್ಕ. ವಿಲೇಜ್ ಆಫೀಸಿಗೆ ನಾಳೆಯೇ ಹೋಗುತ್ತೇನೆ.

ಜಾಗ ಅರ್ಧ ಕ್ಲೀನ್ ಆಗಿದೆ, ಹಂಚು ಮತ್ತು ಮರ ಹೊರಗೆ ಹಾಕಿದ್ದೇವೆ. ಗೋಡೆ, ನೆಲ, ಮೀಟರ್ ಬೋರ್ಡು ಹಾಗೆಯೇ ಇದೆ. ಫೈರ್‌ಮನ್ ಸರ್ ಹೇಳಿದ ಹಾಗೆ ಇವತ್ತು ಬೆಳಗ್ಗೆ ಹೋಗಿ ನೋಡಿದೆ. ಸ್ಟಾರ್ಟರ್ ಇದ್ದದ್ದು ತೆಂಕು ಗೋಡೆಯಲ್ಲಿ. ಅಲ್ಲಿ ಬೋರ್ಡಿಗಿಂತ ಮೇಲಿನ ಭಾಗ ಕಪ್ಪಾಗಿದೆ, ಕೆಳಗೆ ಸುಣ್ಣ ಹಾಗೆಯೇ ಇದೆ. ಪಡು ಗೋಡೆಯ ಮೂಲೆಯಲ್ಲಿ ಮಾತ್ರ ನೆಲದಿಂದಲೇ ಕಪ್ಪು. ಅಲ್ಲಿನ ಕಂಬದ ಬುಡ ನನ್ನ ಮುಂಗೈಗಿಂತ ಸಪೂರ ಆಗಿದೆ, ಮೇಲೆ ದಪ್ಪ ಉಳಿದಿದೆ. ಆ ಮೂಲೆಯಲ್ಲಿ ನಾವು ಹಾಕುತ್ತಿದ್ದದ್ದು ಅಡಿಕೆ ಸಿಪ್ಪೆ. ವಯರ್ ಆ ಕಡೆ ಹೋಗಿಯೇ ಇಲ್ಲ.

ನೆರೆಮನೆಯಲ್ಲಿ ಕೇಳಿದೆ. ಅವರದ್ದು ಏನೂ ಹಾಳಾಗಿಲ್ಲ.

ಹಳೇ ಫೈರ್‌ಮನ್

ಹಾಗಾದರೆ ಇದು ಬೇರೆ ಕಥೆ ಹೇಳುತ್ತಿದೆ. ದೂರದಿಂದಲೇ ನಾನು ತೀರ್ಮಾನ ಕೊಡುವುದಿಲ್ಲ, ಆದರೆ ಆ ಮೂಲೆಯನ್ನು ಯಾರಾದರೂ ನೋಡಲೇಬೇಕು. ಆ ದಿನ ಸಂಜೆ ಹಟ್ಟಿಗೆ ಸೊಳ್ಳೆಗೆಂದು ಹೊಗೆ ಹಾಕಿದ್ದರಾ? ಬಚ್ಚಲೊಲೆಯ ಬೂದಿ ಎಲ್ಲಿ ಹಾಕುತ್ತಾರೆ? ಒಣ ಸಿಪ್ಪೆಗೆ ಕೆಂಡದ ಚೂರು ಬಿದ್ದರೆ ಉರಿ ಕಾಣಿಸದೆ ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತಾ ಹೋಗುತ್ತದೆ. ಗಾಳಿ ಸಿಕ್ಕಿದಾಗ ಹೊತ್ತಿಕೊಳ್ಳುತ್ತದೆ. ಸಂಜೆಯ ಕೆಂಡ, ನಡುರಾತ್ರಿಯ ಬೆಂಕಿ. ನಮ್ಮ ಕಡೆಯ ಹಟ್ಟಿ, ಕೊಟ್ಟಿಗೆಗಳಲ್ಲಿ ಇದನ್ನು ನಾನು ಕಂಡಿದ್ದೇನೆ.

ಯಾರ ತಪ್ಪು ಎಂದು ಕೇಳುತ್ತಿಲ್ಲ. ಬೆಂಕಿ ಮೊದಲು ನೋಡಿದವರು ಯಾರು, ಅವರಿಗೆ ಯಾವ ಮೂಲೆ ಉರಿಯುವುದು ಕಂಡಿತು, ಆಗ ಮನೆಯಲ್ಲಿ ಕರೆಂಟ್ ಇತ್ತಾ, ಬಾಗಿಲು ಚಿಲಕ ಹಾಕಿತ್ತಾ, ಎಂಸಿಬಿ ಕೆಳಗೆ ಬಿದ್ದಿತ್ತಾ, ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಡಿ. ತಿಂಗಳು ಕಳೆದರೆ ಜನ ಪೇಪರಿನಲ್ಲಿ ಓದಿದ್ದನ್ನೇ ತಾವು ನೋಡಿದ್ದು ಎಂದು ಹೇಳತೊಡಗುತ್ತಾರೆ.

ಬದಿಯಡ್ಕದವ

ಮೊದಲು ನೋಡಿದ್ದು ಅಮ್ಮ. ಕಿಟಕಿಯಿಂದ ಪಡು ಬದಿ ಕೆಂಪಾಗಿ ಕಂಡಿತು ಎನ್ನುತ್ತಾರೆ. ಲೈಟ್ ಹಾಕಿ ನನ್ನನ್ನು ಎಬ್ಬಿಸಿದರು, ಅಂದರೆ ಆಗ ಕರೆಂಟ್ ಇತ್ತು. ಅಮ್ಮನನ್ನು ಆ ರಾತ್ರಿಯಿಂದ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಹೊಗೆ ಹಾಕುವ ಮಡಕೆ ಹಟ್ಟಿಯಲ್ಲೇ ಇತ್ತು, ಆದರೆ ಆ ಸಂಜೆ ಹಾಕಿದ್ದರಾ ಎಂದು ಕೆಲಸದವರನ್ನು ಕೇಳಬೇಕು.

ವಕೀಲ, ಹೊಸದುರ್ಗ

ಕಾನೂನಿನ ಬದಿ ಸ್ವಲ್ಪ ಹೇಳುತ್ತೇನೆ. ಬೆಂಕಿಯ ಹಿಂದೆ ಅಪರಾಧ ಇದೆಯಾ ಎಂದು ತನಿಖೆ ಮಾಡುವುದು ಪೊಲೀಸರ ಕೆಲಸ, ಫೈರ್‌ಫೋರ್ಸ್‌ನದ್ದಲ್ಲ. ಯಾರಾದರೂ ಸತ್ತರೆ ಕ್ರಿಮಿನಲ್ ಕೇಸು ನಡೆಸುವ ಕ್ರಮದ ಹೊಸ ಕಾನೂನು ಬಿಎನ್‌ಎಸ್‌ಎಸ್‌ನ 194ನೇ ಸೆಕ್ಷನ್ ಪ್ರಕಾರ ಅಸಹಜ ಸಾವಿನ ವಿಚಾರಣೆ ಆಗುತ್ತದೆ. ಅಜಾಗರೂಕತೆ ಕಂಡರೆ ಅಪರಾಧ, ಶಿಕ್ಷೆಗಳ ಹೊಸ ಕಾನೂನು ಬಿಎನ್‌ಎಸ್‌ನ 287, ಬೇಕೆಂದೇ ಬೆಂಕಿ ಇಟ್ಟಿದ್ದರೆ 326. ಇವೆಲ್ಲ 2024ರ ಜುಲೈ 1ರಿಂದ ಜಾರಿಗೆ ಬಂದವು. ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು ಎಂದು ಬಿಎನ್‌ಎಸ್‌ಎಸ್‌ನಲ್ಲಿ ಹೊಸದಾಗಿ ಸೇರಿಸಿದ್ದಾರೆ. ವ್ಯವಸ್ಥೆ ಮಾಡಿಕೊಳ್ಳಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ನಮ್ಮ ಜಿಲ್ಲೆಗೆ ಹತ್ತಿರದ ಪ್ರಾದೇಶಿಕ ಲ್ಯಾಬ್ ಕಣ್ಣೂರಿನಲ್ಲಿದೆ.

ಸೀಮೆಎಣ್ಣೆಯೋ ಪೆಟ್ರೋಲೋ ಸುರಿದ ಸಂಶಯ ಇದ್ದರೆ ಸಮಯ ಬಹಳ ಮುಖ್ಯ. ಅವು ಆವಿಯಾಗಿ ಹೋಗುತ್ತವೆ. ಸುಟ್ಟ ಬಟ್ಟೆ, ಮಣ್ಣನ್ನು ಗಾಳಿಯಾಡದ ಡಬ್ಬಿಯಲ್ಲಿ ತೆಗೆದು ಸೀಲ್ ಮಾಡಿ ಕಳಿಸಬೇಕು. ತೆರೆದ ಚೀಲದಲ್ಲಿ ಹೋದ ಸ್ಯಾಂಪಲ್‌ನಿಂದ ಕೋರ್ಟಿನಲ್ಲಿ ಪ್ರಯೋಜನ ಇಲ್ಲ. ಇದನ್ನು ತೆಗೆಯಬೇಕಾದವರು ಪೊಲೀಸರು. ಮನೆಯವರೇ ತೆಗೆದಿಡಲು ಹೋಗಬೇಡಿ.

ಸ್ವಿಚ್‌ಬೋರ್ಡ್ ಅಣ್ಣ

ಕರುವಿಗೆ ಸುಟ್ಟಿದೆ ಎಂದಿರಲ್ಲ, ಅಲ್ಲೊಂದು ವಿಷಯ ಇದೆ. 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ಕರೆಂಟಿನ ಅವಘಡದಿಂದ ಮನುಷ್ಯರಿಗೆ ಮಾತ್ರ ಅಲ್ಲ, ಪ್ರಾಣಿಗೆ ಪೆಟ್ಟಾದರೂ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರಿಗೆ ತಿಳಿಸಬೇಕು. ಸಾವಾಗಿದ್ದರೆ 24 ಗಂಟೆಯೊಳಗೆ ಸುದ್ದಿ, ಪೆಟ್ಟು ಮಾತ್ರ ಆಗಿದ್ದರೂ 48 ಗಂಟೆಯೊಳಗೆ ಬರಹದಲ್ಲಿ ವರದಿ ಹೋಗಬೇಕು. ವರದಿಯಲ್ಲಿ ಶಾರ್ಟ್ ಸರ್ಕ್ಯೂಟ್ ಎಂದಿದ್ದರೆ, ಆ ಕಚೇರಿಗೆ ಸುದ್ದಿ ಹೋಯಿತಾ ಎಂದು ಕೇಳಿ. ಕರೆಂಟ್ ಕಾರಣವಾ ಅಲ್ಲವಾ ಎಂದು ವಯರ್, ಮೀಟರ್, ಅರ್ಥಿಂಗ್ ನೋಡಿ ಹೇಳಲು ಅವರಿಗೆ ಅಧಿಕಾರವೂ ಇದೆ, ಗೊತ್ತೂ ಇದೆ. ನಿಮ್ಮದು ಕರೆಂಟಿನದ್ದಲ್ಲ ಎಂದು ಅವರು ಬರೆದುಕೊಟ್ಟರೆ ಅದೂ ಒಂದು ಉತ್ತರವೇ.

ಮುಳ್ಳೇರಿಯ ಮಾಷ್ಟ್ರು

ಹಳ್ಳಿಯ ಕೊಟ್ಟಿಗೆ ಬಿಡಿ, ಸೆಕ್ರೆಟೇರಿಯಟ್‌ಗೆ ಬೆಂಕಿ ಬಿದ್ದಾಗ ಏನಾಯಿತು ನೆನಪಿದೆಯಾ? 2020ರ ಆಗಸ್ಟ್ 25, ತಿರುವನಂತಪುರ. ಸರ್ಕಾರದ ತಜ್ಞರ ಸಮಿತಿ ಗೋಡೆ ಫ್ಯಾನ್ ಬಿಸಿಯಾಗಿ ಕರಗಿದ್ದೇ ಕಾರಣ ಎಂದಿತು. ಫೊರೆನ್ಸಿಕ್‌ನವರು ಶಾರ್ಟ್ ಸರ್ಕ್ಯೂಟ್‌ಗೆ ಪುರಾವೆ ಸಿಕ್ಕಿಲ್ಲ ಎಂದರು. ರಾಜ್ಯದ ಆಡಳಿತದ ನಡುಮನೆಯಲ್ಲಿ, ಅಷ್ಟು ತಜ್ಞರು ಕೂತು ನೋಡಿದ ಬೆಂಕಿಯಲ್ಲೇ ಒಂದು ಮಾತಾಗಲಿಲ್ಲ. ಹಾಗಿರುವಾಗ ರಾತ್ರಿಯಿಡೀ ನೀರು ಹೊಡೆದು ಸುಸ್ತಾದ ಸ್ಟೇಶನ್ ಆಫೀಸರ್ ಬೆಳಗ್ಗೆ ಖಚಿತ ಕಾರಣ ಬರೆಯಬೇಕು ಎಂದು ನಾವು ಒತ್ತಾಯ ಮಾಡುವುದು ನ್ಯಾಯವಲ್ಲ.

ನಾನು ಕೇಳುವುದು ಇಷ್ಟೇ. ಗೊತ್ತಿಲ್ಲದಾಗ ಗೊತ್ತಿಲ್ಲ ಎಂದು ಬರೆಯಲಿ. ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ 921 ಎಂಬ ಮಾರ್ಗದರ್ಶಿ ಬೆಂಕಿ ತನಿಖೆ ಮಾಡುವವರಿಗೆ ಜಗತ್ತಿನ ಹಲವು ಕಡೆ ಆಧಾರ. ಅದರಲ್ಲಿ ಆಕಸ್ಮಿಕ, ನೈಸರ್ಗಿಕ, ಬೇಕೆಂದೇ ಇಟ್ಟದ್ದು ಎಂಬುದರ ಜೊತೆಗೆ ನಿರ್ಧಾರವಾಗದ್ದು ಎಂಬ ವರ್ಗವೂ ಇದೆ. ಬೇರೆ ಯಾವುದೂ ಕಾಣಲಿಲ್ಲ, ಹಾಗಾಗಿ ಇದೇ ಇರಬೇಕು ಎಂದು ಪುರಾವೆ ಇಲ್ಲದೆ ತೀರ್ಮಾನಿಸುವುದನ್ನು 2011ರ ಆವೃತ್ತಿಯಿಂದ ಅವರು ಒಪ್ಪುವುದಿಲ್ಲ. ನಮ್ಮಲ್ಲಿ ಶಾರ್ಟ್ ಸರ್ಕ್ಯೂಟ್ ಬರುವುದು ಎಷ್ಟೋ ಸಲ ಹಾಗೆಯೇ ಅಲ್ವಾ? ಆ ವರದಿಗಳೇ ಮೇಲೆ ಹೋಗಿ ಲೆಕ್ಕವಾಗುತ್ತವೆ. ದೇಶದ ಅಪರಾಧ, ಅವಘಡಗಳ ಲೆಕ್ಕ ಇಡುವ ಎನ್‌ಸಿಆರ್‌ಬಿಯ ವಾರ್ಷಿಕ ಪಟ್ಟಿಯಲ್ಲಿ ವಿದ್ಯುತ್ ಶಾರ್ಟ್ ಸರ್ಕ್ಯೂಟ್, ಗ್ಯಾಸ್ ಸಿಲಿಂಡರ್ ಅಥವಾ ಸ್ಟವ್, ಪಟಾಕಿ ಎಂದು ಕಾಲಂಗಳಿವೆ. ಬುಡದಲ್ಲಿ ಅಂದಾಜು ಇದ್ದರೆ ಮೇಲಿನ ಲೆಕ್ಕವೂ ಅಂದಾಜೇ. ಬೂದಿ, ಹೊಗೆ ಮಡಕೆ ಯಾವ ಲೆಕ್ಕಕ್ಕೂ ಬರುವುದಿಲ್ಲ, ಯಾರೂ ಅದರ ಬಗ್ಗೆ ಎಚ್ಚರಿಕೆ ಹೇಳುವುದೂ ಇಲ್ಲ.

ನೀಲೇಶ್ವರ ಕಡೆಯವಳು

ಮಾಷ್ಟ್ರೇ, ಕಾರಣ ಎಲ್ಲರ ಕಣ್ಣಿಗೆ ಕಂಡರೂ ತನಿಖೆ ಮುಗಿಯುವುದಿಲ್ಲ. 2024ರ ಅಕ್ಟೋಬರ್ 28ರ ರಾತ್ರಿ ನಮ್ಮ ಅಂಞೂಟ್ಟಂಬಲಂ ವೀರರ್ಕಾವಿನಲ್ಲಿ ತೆಯ್ಯಂ ನಡೆಯುವಾಗ ಪಟಾಕಿ ಇಟ್ಟಿದ್ದ ಶೆಡ್ ಸ್ಫೋಟವಾಯಿತು. 150ಕ್ಕೂ ಜಾಸ್ತಿ ಜನಕ್ಕೆ ಸುಟ್ಟಿತು, ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಹೋದರು. ಹತ್ತಿರ ಹೊಡೆದ ಪಟಾಕಿಯ ಕಿಡಿ ಶೆಡ್ಡಿಗೆ ಹೋದದ್ದು ಎಂದು ಆ ರಾತ್ರಿಯೇ ಗೊತ್ತಾಗಿತ್ತು. ಆದರೆ ಜನ ನಿಂತ ಜಾಗಕ್ಕೆ ಅಷ್ಟು ಹತ್ತಿರ ಪಟಾಕಿ ಇಡಲು ಬಿಟ್ಟದ್ದು ಯಾರು, ಅನುಮತಿ ಇತ್ತಾ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಅನುಮತಿ ಇರಲಿಲ್ಲ ಎಂದು ಜಿಲ್ಲಾಡಳಿತ ಹೇಳಿತು. ಕಿಡಿ ಎಂದು ಬರೆದು ನಿಲ್ಲಿಸಿದ್ದರೆ ಅದು ಅರ್ಧ ವರದಿ ಆಗುತ್ತಿತ್ತು. 2016ರ ಏಪ್ರಿಲ್ 10ರಂದು ಕೊಲ್ಲಂನ ಪುಟ್ಟಿಂಗಲ್‌ನಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ಅದಾಗಿ ಎಂಟು ವರ್ಷಕ್ಕೆ ನಮ್ಮೂರಲ್ಲಿ ಹೀಗಾಯಿತು ಎಂಬುದು ನನಗೆ ಇವತ್ತಿಗೂ ಸಹಿಸಲಾಗದ ವಿಷಯ.

ಸರ್ವೇಯರ್, ಮಂಗಳೂರು

ಇನ್ಶೂರೆನ್ಸ್ ಬದಿಯಿಂದ ಹೇಳುತ್ತೇನೆ, ಬದಿಯಡ್ಕದವರೇ. ಕಾರಣ ಖಚಿತವಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಬೆಂಕಿಯ ಕ್ಲೈಮ್ ತಿರಸ್ಕಾರ ಆಗಬೇಕಾಗಿಲ್ಲ. ಬೆಂಕಿ ಆಕಸ್ಮಿಕವಾ, ಪಾಲಿಸಿಯಲ್ಲಿ ಹೊರಗಿಟ್ಟ ಕಾರಣಗಳಲ್ಲಿ ಬರುತ್ತದಾ ಎಂದು ನಾವು ನೋಡುತ್ತೇವೆ. ಸ್ಟ್ಯಾಂಡರ್ಡ್ ಫೈರ್ ಪಾಲಿಸಿಯಲ್ಲಿ ಶಾರ್ಟ್ ಆಗಿ ಸುಟ್ಟ ಆ ಯಂತ್ರಕ್ಕೇ ಹಣ ಸಿಗುವುದಿಲ್ಲ, ಅದರಿಂದ ಹರಡಿದ ಬೆಂಕಿಗೆ ಸುಟ್ಟ ಬೇರೆ ಸೊತ್ತಿಗೆ ಸಿಗುತ್ತದೆ. ಹಾಗಾಗಿ ಸ್ಟಾರ್ಟರಿನ ವಿಷಯ ಕೇಳಿರುತ್ತಾರೆ. ತಾನಾಗಿಯೇ ಬಿಸಿಯೇರಿ ಹೊತ್ತಿಕೊಂಡ ಸರಕು, ಬಿಸಿಮಾಡಿ ಒಣಗಿಸುವಾಗ ಸುಟ್ಟ ಸರಕು, ಇವೂ ಆ ಪಾಲಿಸಿಯ ಹೊರಗೆ. 2021ರ ಏಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾದಂಥ ಪಾಲಿಸಿಗಳ ನಿಯಮ ಬೇರೆ. ನಿಮ್ಮದು ಯಾವುದು ಎಂದು ಮೊದಲು ಕಾಗದ ತೆಗೆದು ನೋಡಿ.

ಸರ್ವೇಯರ್ ಕೇಳಿದ್ದಕ್ಕೆ ಫೈರ್ ವರದಿಯ ಸಾಲನ್ನೇ ಹೇಳಬೇಕೆಂದು ಇಲ್ಲ. ಪಡು ಮೂಲೆಯ ಗುರುತು, ತಾಯಿ ಕಂಡದ್ದು, ವಯರ್ ಎಲ್ಲಿತ್ತು ಎಂಬುದು, ಎಲ್ಲವನ್ನೂ ಫೋಟೋ ಜೊತೆ ಬರೆದು ಕೊಡಿ. ಅದೇ ಪ್ರತಿಯನ್ನು ಸ್ಟೇಶನ್ ಆಫೀಸರಿಗೂ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಕ್ಲೈಮ್ ವಿಷಯದಲ್ಲಿ ಅನ್ಯಾಯ ಆಯಿತು ಎನಿಸಿದರೆ ಕೇರಳಕ್ಕೆ ಕೊಚ್ಚಿಯಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ. ದೂರು ಕೊಡಲು ಶುಲ್ಕ ಇಲ್ಲ.

ಬದಿಯಡ್ಕದವ

ಕೆಲಸದವರು ಹೇಳಿದರು, ಆ ಸಂಜೆ ಹೊಗೆ ಹಾಕಿದ್ದು ನಿಜ, ಮಡಕೆ ಇದ್ದದ್ದು ಸಿಪ್ಪೆ ರಾಶಿಯ ಪಕ್ಕದ ಜಗಲಿಯಲ್ಲಿ. ಅವರಿಗೆ ಹೆದರಿಕೆ ಇತ್ತು, ಅದಕ್ಕೇ ಇಷ್ಟು ದಿನ ಹೇಳಲಿಲ್ಲ. ನಾನು ಅವರಿಗೆ ಒಂದು ಮಾತೂ ಬೈಯಲಿಲ್ಲ. ನಾಳೆ ಇದನ್ನೆಲ್ಲ ಬರೆದು ಸ್ಟೇಶನಿಗೂ ಸರ್ವೇಯರಿಗೂ ಕೊಡುತ್ತೇನೆ. ಕನ್ನಡದಲ್ಲಿ ಕೊಟ್ಟರೆ ತೆಗೆದುಕೊಳ್ಳುತ್ತಾರಾ?

ವಕೀಲ, ಹೊಸದುರ್ಗ

ಕೊಡಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಆ ಅವಕಾಶ ಇದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ನಾವು ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಬಹುದು. ಉತ್ತರವನ್ನೂ ಕನ್ನಡದಲ್ಲಿ ಕೇಳಿ. ಫೈರ್ ವರದಿಯ ಹಿಂದಿನ ಟಿಪ್ಪಣಿ ಬೇಕಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು.

ಸುಳ್ಯ ಗಡಿಯವ

ಸರ್ವೇಯರ್ ಸರ್, ಒಣಗಿಸುವಾಗ ಸುಟ್ಟರೆ ಇಲ್ಲ ಎಂದಿರಲ್ಲ, ನಮ್ಮ ರಬ್ಬರ್ ಹೊಗೆಗೂಡಿನ ಕಥೆ ಏನು? ಶೀಟ್ ಒಳಗಿರುವಾಗಲೇ ಬೆಂಕಿ ಬೀಳುವುದು ಜಾಸ್ತಿ.

ಸರ್ವೇಯರ್, ಮಂಗಳೂರು

ಅದಕ್ಕೇ ಪಾಲಿಸಿ ಮಾಡುವಾಗ ಹೊಗೆಗೂಡು ಇದೆ, ಒಳಗೆ ಶೀಟ್ ಒಣಗಿಸುತ್ತೇವೆ ಎಂದು ಅರ್ಜಿಯಲ್ಲೇ ಬರೆಯಿರಿ. ಒಣಗುತ್ತಿರುವ ಶೀಟಿಗೂ ರಕ್ಷಣೆ ಇದೆಯಾ ಎಂದು ಏಜೆಂಟರ ಬಾಯಿಮಾತಿನಲ್ಲಿ ಅಲ್ಲ, ಕಾಗದದಲ್ಲಿ ಕೇಳಿ ಪಡೆದುಕೊಳ್ಳಿ. ಗೂಡಿನಿಂದ ಹಾರಿದ ಬೆಂಕಿಗೆ ಪಕ್ಕದ ಮನೆ ಸುಟ್ಟರೆ ಅದು ಬೇರೆ ಲೆಕ್ಕ, ಮನೆಯ ಪಾಲಿಸಿಯಲ್ಲಿ ನೋಡಬೇಕಾದದ್ದು.